ಗಟ್ಟಿ ಕಲ್ಲು ಬಾಗುವುದು ಹೇಗೆ? ಅದೇ ಕಲ್ಲು ಪಕ್ಕದಲ್ಲೇ ಮುರಿಯುವುದು ಯಾಕೆ?

ಹೊಸ ಓದುಗ:

ನಮಸ್ಕಾರ. ನಾನು ಓದಿದ್ದು ಬೇರೆ ವಿಷಯ, ಭೂವಿಜ್ಞಾನದ ಮೇಲೆ ಆಸಕ್ತಿ ಹುಟ್ಟಿದ್ದು ಇತ್ತೀಚೆಗೆ. ಭೂಫಲಕಗಳು ಒಂದನ್ನೊಂದು ತಳ್ಳುತ್ತವೆ, ದೂರ ಸರಿಯುತ್ತವೆ, ಪಕ್ಕದಲ್ಲಿ ಉಜ್ಜಿಕೊಂಡು ಹೋಗುತ್ತವೆ ಅನ್ನುವವರೆಗೆ ಅರ್ಥವಾಗಿದೆ. ಅದರಿಂದ ಭೂಕವಚದಲ್ಲಿ ಏನಾಗುತ್ತದೆ ಅನ್ನುವುದನ್ನು ನನ್ನ ಹತ್ತಿರ ಇರುವ ಪಠ್ಯ ಎರಡೇ ಸಾಲಲ್ಲಿ ಮುಗಿಸುತ್ತದೆ. ಒತ್ತಿದರೆ ಪದರಗಳು ಮಡಿಕೆ ಬೀಳುತ್ತವೆ. ಎಳೆದರೆ ಮುರಿದು, ಮುರಿದ ತುಂಡುಗಳು ಸರಿದು ಸ್ತರಭಂಗವಾಗುತ್ತದೆ. ಅಷ್ಟೇ.

ಆದರೆ ಬೆಟ್ಟಗಳ ಫೋಟೋ ನೋಡುತ್ತಾ ಹೋದರೆ ಈ ಎರಡು ಸಾಲು ಸಾಕಾಗುವುದಿಲ್ಲ. ಒಂದು ಫೋಟೋದಲ್ಲಿ ಸುಣ್ಣದಕಲ್ಲಿನ ಪದರಗಳು ಎಸ್ ಆಕಾರಕ್ಕೆ ಬಾಗಿವೆ, ಎಲ್ಲೂ ತುಂಡಾಗಿಲ್ಲ. ಅದೇ ಬಂಡೆಯಲ್ಲಿ ಸ್ವಲ್ಪ ಪಕ್ಕಕ್ಕೆ ಬಂದರೆ ಪದರಗಳು ಕತ್ತರಿಸಿ ಹೋಗಿವೆ, ಅವುಗಳ ಮುಂದುವರಿದ ಭಾಗ ಒಂದಾಳು ಎತ್ತರ ಮೇಲಕ್ಕೆ ಹೋಗಿ ಕೂತಿದೆ. ಎರಡನ್ನೂ ತಳ್ಳಿದ ಬಲ ಒಂದೇ ಅಲ್ವಾ?

ಸುತ್ತಿಗೆಯಲ್ಲಿ ಹೊಡೆದರೆ ಚೂರಾಗುವ ಕಲ್ಲು ಬಾಗುವುದಾದರೂ ಹೇಗೆ? ಬಾಗುವಾಗ ಅದು ಇನ್ನೂ ಕೆಸರಾಗಿತ್ತಾ? ಒಂದೇ ಜಾಗದಲ್ಲಿ ಒಂದು ಪದರ ಬಾಗುತ್ತದೋ ಮುರಿಯುತ್ತದೋ ಅನ್ನುವುದನ್ನು ಯಾವುದು ತೀರ್ಮಾನಿಸುತ್ತದೆ? ಆಮೇಲೆ ಭೂಕಂಪ ಅಂದಾಗೆಲ್ಲ ಸ್ತರಭಂಗದ ಮಾತೇ ಬರುತ್ತದೆ, ಮಡಿಕೆಗೂ ಭೂಕಂಪಕ್ಕೂ ಸಂಬಂಧವೇ ಇಲ್ಲವಾ? ಗೊತ್ತಿರುವವರು ಬಿಡಿಸಿ ಹೇಳಿ, ಉದ್ದ ಆದರೂ ಪರವಾಗಿಲ್ಲ.

ನೆಲದಾಳ:

ಮೊದಲು ಕೆಸರಿನ ವಿಷಯ. ಕೆಸರಾಗಿದ್ದಾಗಲೇ ಬಾಗಿದ ಪದರಗಳು ಇವೆ, ಅದು ನಿಜ. ಸಮುದ್ರದ ತಳದ ಇಳಿಜಾರಿನಲ್ಲಿ ಹಸಿ ಹೂಳು ಜಾರಿ, ಸುರುಳಿ ಸುತ್ತಿಕೊಂಡು, ಆಮೇಲೆ ಹಾಗೇ ಗಟ್ಟಿಯಾಗುತ್ತದೆ. ಆದರೆ ಅಂಥ ಮಡಿಕೆಗಳು ಕೆಲವೇ ಪದರಗಳಲ್ಲಿ ಇರುತ್ತವೆ, ಅವುಗಳ ಮೇಲಿನವೂ ಕೆಳಗಿನವೂ ನೆಟ್ಟಗೇ ಇರುತ್ತವೆ. ಪರ್ವತಗಳಲ್ಲಿ ಕಾಣುವ ದೊಡ್ಡ ಮಡಿಕೆಗಳು ಹಾಗಲ್ಲ, ಅವು ಕಲ್ಲು ಗಟ್ಟಿಯಾದ ಮೇಲೆ ಆದವು. ಇದಕ್ಕೆ ಒಳ್ಳೆ ಸಾಕ್ಷಿ ಪಳೆಯುಳಿಕೆಗಳು. ಟ್ರೈಲೋಬೈಟ್ ಅನ್ನುವ ಹಳೇ ಸಮುದ್ರಜೀವಿಯ ದೇಹದ ಎಡಭಾಗವೂ ಬಲಭಾಗವೂ ಒಂದೇ ಅಳತೆ. ಮಡಿಕೆ ಬಿದ್ದ ಬಂಡೆಗಳಲ್ಲಿ ಎಷ್ಟೋ ಸಲ ಅದು ಒಂದು ಕಡೆಗೆ ಎಳೆದುಕೊಂಡು ಸೊಟ್ಟಗಾಗಿ ಸಿಗುತ್ತದೆ. ಕಲ್ಲಿನೊಳಗೆ ಕಲ್ಲಾಗಿ ಕೂತಿದ್ದ ಜೀವಿ ಸೊಟ್ಟಗಾಗಬೇಕಾದರೆ ಸುತ್ತಲಿನ ಕಲ್ಲೂ ಅದರ ಜೊತೆಗೆ ಆಕಾರ ಬದಲಿಸಿರಲೇಬೇಕು. ಈ ಸೊಟ್ಟವನ್ನು ಅಳೆದೇ ಬಂಡೆ ಯಾವ ದಿಕ್ಕಿನಲ್ಲಿ ಎಷ್ಟು ಕುಗ್ಗಿದೆ, ಎಷ್ಟು ಉದ್ದವಾಗಿದೆ ಅಂತ ಲೆಕ್ಕ ಹಾಕುತ್ತಾರೆ.

ಇನ್ನು ಸುತ್ತಿಗೆ. ನೀವು ಹೊಡೆಯುವ ಕಲ್ಲು ತಣ್ಣಗಿದೆ, ಅದರ ಸುತ್ತ ಗಾಳಿ ಬಿಟ್ಟರೆ ಏನೂ ಇಲ್ಲ, ಪೆಟ್ಟು ಬೀಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಈ ಮೂರನ್ನೂ ಬದಲಿಸಿದರೆ ಕಲ್ಲಿನ ಗುಣವೇ ಬದಲಾಗುತ್ತದೆ.

ಸುತ್ತಲಿನ ಒತ್ತಡ ನೋಡಿ. 10 ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಗಳ ಭಾರವೇ ನಮ್ಮ ಮೇಲಿರುವ ಗಾಳಿಯ ಒತ್ತಡದ ಸುಮಾರು 2,600 ಪಟ್ಟು. ಬಿರುಕು ಬಿಡಬೇಕಾದರೆ ಕಲ್ಲು ಎಲ್ಲೋ ಒಂದು ಕಡೆ ಬಾಯಿ ತೆರೆಯಬೇಕು, ಎಲ್ಲ ಕಡೆಯಿಂದ ಅಷ್ಟು ಬಿಗಿಯಾಗಿ ಅಮುಕಿ ಹಿಡಿದಿರುವಾಗ ಅದು ಸುಲಭ ಅಲ್ಲ. ಥಿಯೋಡೋರ್ ಫಾನ್ ಕಾರ್ಮಾನ್, ಮುಂದೆ ವಿಮಾನ ವಿಜ್ಞಾನದಲ್ಲಿ ದೊಡ್ಡ ಹೆಸರಾದವರು, 1911ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಇಟಲಿಯ ಕರಾರಾ ಅಮೃತಶಿಲೆಯ ಸಣ್ಣ ಸಿಲಿಂಡರುಗಳನ್ನು ಮೇಲಿನಿಂದ ಅಮುಕಿದರು, ಸುತ್ತಲಿನಿಂದ ದ್ರವದ ಒತ್ತಡ ಕೊಟ್ಟರು. ಸುತ್ತಲಿನ ಒತ್ತಡ ಇಲ್ಲದಾಗ ಕಲ್ಲು ಸೀಳಿ ಹೋಯಿತು. ಒತ್ತಡ ಏರಿಸುತ್ತಾ ಹೋದ ಹಾಗೆ ಅದೇ ಕಲ್ಲು ಒಡೆಯದೆ ನಡುವೆ ಉಬ್ಬಿ ಗಿಡ್ಡವಾಯಿತು. ಅದನ್ನು ಬಿಸಿ ಕೂಡ ಮಾಡಿರಲಿಲ್ಲ.

ಬಿಸಿ ಸೇರಿದರೆ ಇನ್ನೂ ಸಲೀಸು. ಖಂಡಗಳ ಕೆಳಗೆ ಪ್ರತಿ ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಸುಮಾರು 300 ಡಿಗ್ರಿ ದಾಟಿದರೆ ಬೆಣಚುಕಲ್ಲಿನ ಖನಿಜ ನಿಧಾನವಾಗಿ ಹರಿಯಲು ಶುರು ಮಾಡುತ್ತದೆ. ಗ್ರಾನೈಟಿನಂಥ ಕಲ್ಲುಗಳಲ್ಲಿರುವ ಇನ್ನೊಂದು ಖನಿಜ ಫೆಲ್ಡ್‌ಸ್ಪಾರ್ ಇನ್ನೂ ಹಟಮಾರಿ, ಅದಕ್ಕೆ 450 ಡಿಗ್ರಿ ಹತ್ತಿರ ಬೇಕು. ಇಲ್ಲಿ ಹರಿಯುವುದು ಅಂದರೆ ಕರಗಿ ಲಾವಾ ಆಗುವುದಲ್ಲ, ಕಲ್ಲು ಪೂರ್ತಿ ಗಟ್ಟಿಯಾಗಿಯೇ ಇರುತ್ತದೆ. ಪ್ರತಿ ಹರಳಿನೊಳಗೆ ಪರಮಾಣುಗಳ ಸಾಲುಗಳಲ್ಲಿ ಸಣ್ಣ ಸಣ್ಣ ದೋಷಗಳು ಇರುತ್ತವೆ. ಒತ್ತಡ ಬಿದ್ದಾಗ ಆ ದೋಷಗಳು ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಯುತ್ತವೆ. ಹರಳು ಎಲ್ಲೂ ಒಡೆಯುವುದಿಲ್ಲ, ಆದರೆ ಆಕಾರ ಬದಲಾಗಿರುತ್ತದೆ. ಕೋಟ್ಯಂತರ ಹರಳುಗಳಲ್ಲಿ ಇದೇ ನಡೆದಾಗ ಬೆಟ್ಟದಷ್ಟು ಬಂಡೆ ಬಾಗುತ್ತದೆ.

ಮೂರನೆಯದು ಸಮಯ, ನನ್ನ ಪ್ರಕಾರ ಜನ ಕಡೆಗಣಿಸುವುದು ಇದನ್ನೇ. ವರ್ಷಕ್ಕೆ 1 ಮಿಲಿಮೀಟರ್ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. 10 ಲಕ್ಷ ವರ್ಷಕ್ಕೆ ಅದು 1 ಕಿಲೋಮೀಟರ್. ಅಷ್ಟು ನಿಧಾನವಾಗಿ ತಳ್ಳಿದರೆ ಹರಳುಗಳಿಗೆ ಸರಿದುಕೊಳ್ಳಲು ಪುರುಸೊತ್ತು ಸಿಗುತ್ತದೆ.

ಹೊಸ ಓದುಗ:

ತುಂಬಾ ಥ್ಯಾಂಕ್ಸ್, ಟ್ರೈಲೋಬೈಟ್ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಆಳದಲ್ಲಿ ಬಾಗುತ್ತದೆ, ಮೇಲೆ ಮುರಿಯುತ್ತದೆ ಅಂತ ಇಟ್ಟುಕೊಳ್ಳಬಹುದಾ?

ಜಾರುಪದರ:

ಅದು ಅರ್ಧ ಮಾತ್ರ ಸರಿ. ನೆಲದಾಳ ಅವರು ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ಬಿಸಿಯೇ ಎಲ್ಲ ಅಂತ ಯಾರೂ ತಿಳಿಯಬಾರದು. ಸ್ವಿಟ್ಜರ್ಲೆಂಡ್–ಫ್ರಾನ್ಸ್ ಗಡಿಯ ಜುರಾ ಪರ್ವತ, ಇರಾನಿನ ಝಾಗ್ರೋಸ್, ಇವೆರಡೂ ಸಾಲು ಸಾಲು ಮಡಿಕೆಗಳೇ. ಅಲ್ಲಿ ಮೇಲೆ ಕಾಣುವ ಬಂಡೆಗಳು ಬಾಗಿದ್ದು ಕೆಲವೇ ಕಿಲೋಮೀಟರ್ ಆಳದಲ್ಲಿ. ಹರಳು ಹರಿಯುವಷ್ಟು ಬಿಸಿ ಅಲ್ಲಿರಲಿಲ್ಲ. ಆದರೂ ಎಷ್ಟು ಚೆಂದ ಬಾಗಿವೆ! ಉಪಗ್ರಹ ಚಿತ್ರದಲ್ಲಿ ಝಾಗ್ರೋಸ್ ಒಮ್ಮೆ ನೋಡಿ, ಉದ್ದನೆಯ ದಿಬ್ಬಗಳು ಪಕ್ಕಪಕ್ಕ ಮಲಗಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಇಲ್ಲಿ ಕೆಲಸ ಮಾಡಿದ್ದು ಪದರಗಳು. ಒಂದು ಕಿಲೋಮೀಟರ್ ದಪ್ಪದ ಒಂದೇ ಅಖಂಡ ಬಂಡೆಯನ್ನು ಬಾಗಿಸಲು ನೋಡಿದರೆ ಮುರಿದೇ ಹೋಗುತ್ತದೆ. ಅದೇ ದಪ್ಪ ನೂರಾರು ಪದರಗಳಾಗಿದ್ದು, ನಡುನಡುವೆ ಜೇಡಿಗಲ್ಲಿನಂಥ ಮೆತ್ತನೆ ಪದರಗಳಿದ್ದರೆ, ಪ್ರತಿ ಪದರವೂ ತನ್ನ ಮೇಲಿನದರ ಕೆಳಗೆ ಸ್ವಲ್ಪ ಸ್ವಲ್ಪ ಜಾರಿಕೊಂಡು ಬಾಗುತ್ತದೆ. ಸ್ಕಾಟ್ಲೆಂಡಿನ ಸರ್ ಜೇಮ್ಸ್ ಹಾಲ್ ಇದನ್ನು 200 ವರ್ಷದ ಹಿಂದೆಯೇ ಮಾಡಿ ತೋರಿಸಿದ್ದರು. ಅಲ್ಲಿನ ಕಡಲ ತೀರದ ಬಂಡೆಗಳಲ್ಲಿ ಸಾಲು ಮಡಿಕೆಗಳನ್ನು ಕಂಡು, ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಭಾರ ಹೇರಿ, ಎರಡು ತುದಿಗಳಿಂದ ತಳ್ಳಿದರು. ಬಟ್ಟೆ ಬಂಡೆಯಲ್ಲಿ ಕಂಡ ಆಕಾರಕ್ಕೇ ಮಡಿಸಿಕೊಂಡಿತು. ಅದನ್ನು ಅವರು ಪ್ರಕಟಿಸಿದ್ದು 1815ರಲ್ಲಿ. ಭೂಫಲಕಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ, ಪಕ್ಕದಿಂದ ಬಂದ ಒತ್ತಡವೇ ಕಾರಣ ಅಂತ ಕಂಡುಕೊಂಡಿದ್ದು ದೊಡ್ಡ ವಿಷಯ ಅಂತ ನನಗೆ ಅನ್ನಿಸುತ್ತದೆ.

ಪದರಗಳು ಜಾರಿದ ಗುರುತು ನಿಜವಾದ ಬಂಡೆಯಲ್ಲೂ ಸಿಗುತ್ತದೆ. ಮಡಿಕೆಯ ಇಳಿಜಾರಿನಲ್ಲಿ ಎರಡು ಪದರಗಳ ನಡುವಿನ ಮೈ ಬಿಡಿಸಿ ನೋಡಿದರೆ ನುಣುಪಾಗಿ ಗೀರು ಬಿದ್ದಿರುತ್ತದೆ, ಕೆಲವು ಕಡೆ ಜಾರಿದ ದಿಕ್ಕಿನಲ್ಲೇ ಕ್ಯಾಲ್ಸೈಟ್ ಅನ್ನುವ ಸುಣ್ಣದ ಖನಿಜ ಎಳೆ ಎಳೆಯಾಗಿ ಬೆಳೆದಿರುತ್ತದೆ. ಮಡಿಕೆಯ ನೆತ್ತಿಯಲ್ಲಿ ಜಾರಾಟ ಕಡಿಮೆ, ಇಳಿಜಾರಿನಲ್ಲಿ ಜಾಸ್ತಿ.

ತಣ್ಣಗಿರುವಾಗ ಇನ್ನೊಂದು ದಾರಿಯೂ ಇದೆ, ನೀರು. ಸುಣ್ಣದಕಲ್ಲಿನ ಕಣಗಳ ಮೇಲೆ ಎಲ್ಲಿ ಒತ್ತಡ ಜಾಸ್ತಿಯೋ ಅಲ್ಲಿ ಖನಿಜ ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ಕರಗಿ, ಒತ್ತಡ ಕಡಿಮೆ ಇರುವ ಕಡೆ ಹೋಗಿ ಮತ್ತೆ ಗಟ್ಟಿಯಾಗುತ್ತದೆ. ನುಣುಪು ಮಾಡಿದ ಸುಣ್ಣದಕಲ್ಲಿನ ಚಪ್ಪಡಿಯಲ್ಲಿ ಹಲ್ಲುಹಲ್ಲಾದ ಕಪ್ಪು ಗೆರೆಗಳನ್ನು ನೋಡಿರುತ್ತೀರಿ. ಅದು ಹೀಗೆ ಕರಗಿ ಹೋದ ಜಾಗ, ಕರಗದೆ ಉಳಿದ ಜೇಡಿ ಅಲ್ಲಿ ಗೆರೆಯಾಗಿ ನಿಂತಿದೆ. ಇದಕ್ಕೆ ನೂರಾರು ಡಿಗ್ರಿ ಬಿಸಿ ಬೇಕಿಲ್ಲ, ನೀರು ಮತ್ತು ಕಾಲ ಬೇಕು.

ಝಾಗ್ರೋಸಿನಲ್ಲಿ ಕೆಳಗೆ ಉಪ್ಪೂ ಇದೆ. ಹೊರ್ಮುಜ್ ಉಪ್ಪು ಅಂತ, 50 ಕೋಟಿ ವರ್ಷಕ್ಕೂ ಹಳೆಯ ಪದರ. ಉಪ್ಪು ಕಡಿಮೆ ಬಿಸಿಯಲ್ಲೇ ಹರಿಯುವ ಕಲ್ಲು. ಅರೇಬಿಯಾ ಫಲಕ ಯುರೇಷಿಯಾವನ್ನು ತಳ್ಳುವಾಗ ಅಲ್ಲಿನ ಬಹುಭಾಗದಲ್ಲಿ ಮೇಲಿನ ಪದರಗಳು ಈ ಉಪ್ಪಿನ ಮೇಲೆ ಜಾರುತ್ತಾ, ಕೆಳಗಿನ ಬುಡದಿಂದ ಬಿಡಿಸಿಕೊಂಡು ಬಾಗಿದವು. ಜುರಾದಲ್ಲೂ ಇದೇ ಕಥೆ, ಅಲ್ಲಿ ಟ್ರಯಾಸಿಕ್ ಕಾಲದ, ಅಂದರೆ 20 ಕೋಟಿ ವರ್ಷಕ್ಕೂ ಹಿಂದಿನ, ಉಪ್ಪು, ಜಿಪ್ಸಮ್ ಜಾತಿಯ ಪದರ. ಝಾಗ್ರೋಸಿನ ಮೇಲ್ಮಡಿಕೆಗಳ, ಅಂದರೆ ಮೇಲಕ್ಕೆ ಬಾಗಿದ ಮಡಿಕೆಗಳ, ಹೊಟ್ಟೆಯಲ್ಲೇ ಇರಾನಿನ ಎಣ್ಣೆಯ ದೊಡ್ಡ ಪಾಲು ಸಿಕ್ಕಿಹಾಕಿಕೊಂಡಿರುವುದು.

ಹೊಸ ಓದುಗ, ಒಂದೇ ಜಾಗದಲ್ಲಿ ಬಾಗುತ್ತದೋ ಮುರಿಯುತ್ತದೋ ಅನ್ನುವ ನಿಮ್ಮ ಅನುಮಾನಕ್ಕೂ ಇಲ್ಲೇ ಅರ್ಧ ಉತ್ತರ ಇದೆ. ಒಂದೇ ಆಳ, ಒಂದೇ ಬಿಸಿ, ಒಂದೇ ಒತ್ತಡ ಇದ್ದರೂ ಪದರಗಳ ಗಟ್ಟಿತನ ಒಂದೇ ಅಲ್ಲ. ಮರಳುಗಲ್ಲಿನ ಪದರ ಬಿರುಸು, ಜೇಡಿಗಲ್ಲು ಮೆದು. ಎರಡನ್ನೂ ಸೇರಿಸಿ ಉದ್ದಕ್ಕೆ ಎಳೆದರೆ ಬಿರುಸಾದ ಪದರ ತುಂಡು ತುಂಡಾಗುತ್ತದೆ, ಮೆದುವಾದದ್ದು ಆ ತುಂಡುಗಳ ಸಂದಿಗೆ ಹರಿದು ತುಂಬಿಕೊಳ್ಳುತ್ತದೆ. ಅಂಗೈ ಅಗಲದ ಕಲ್ಲಿನಲ್ಲೂ ಇದು ಕಾಣಸಿಗುತ್ತದೆ.

ಭೂಗೋಳ ಮೇಷ್ಟ್ರು:

ಒತ್ತಿದರೆ ಮಡಿಕೆ, ಎಳೆದರೆ ಸ್ತರಭಂಗ ಅನ್ನುವ ಆ ಎರಡು ಸಾಲನ್ನು ದಯವಿಟ್ಟು ಮರೆತುಬಿಡಿ. ಪರೀಕ್ಷೆಗೆ ಬರೆಯಲು ಸುಲಭ ಅಂತ ಉಳಿದುಕೊಂಡಿದೆ, ಆದರೆ ಅದರಿಂದ ತುಂಬಾ ಮಕ್ಕಳು ದಾರಿ ತಪ್ಪುತ್ತಾರೆ. ಒತ್ತಿದರೂ ಸ್ತರಭಂಗ ಆಗುತ್ತದೆ. ಹಿಮಾಲಯದಲ್ಲಿ ಇರುವ ದೊಡ್ಡ ದೊಡ್ಡ ಸ್ತರಭಂಗಗಳು ಒತ್ತಡದವೇ.

ಹೀಗೆ ಯೋಚಿಸಿ. ಬಿರುಸಾದ ಬಂಡೆಯನ್ನು ಒಂದು ದಿಕ್ಕಿನಲ್ಲಿ ಅಮುಕಿದರೆ ಅದು ಅಮುಕಿದ ದಿಕ್ಕಿಗೆ ಸುಮಾರು 30 ಡಿಗ್ರಿ ಓರೆಯಾಗಿ ಮುರಿಯುತ್ತದೆ. ಇದು ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಕಂಡದ್ದು. ಅರ್ನೆಸ್ಟ್ ಆಂಡರ್ಸನ್ 1905ರಲ್ಲಿ ಇದನ್ನೇ ಹಿಡಿದುಕೊಂಡು, ನೆಲದ ಮೇಲ್ಮೈ ಹತ್ತಿರ ಮೂರು ಬಗೆಯ ಸ್ತರಭಂಗ ಯಾಕೆ ಆಗುತ್ತವೆ ಅಂತ ಬಿಡಿಸಿ ಹೇಳಿದರು. ಭೂಮಿಯನ್ನು ಅಡ್ಡಡ್ಡವಾಗಿ ಅಮುಕಿದರೆ ಸುಮಾರು 30 ಡಿಗ್ರಿಯ ಇಳಿಜಾರಾದ ಬಿರುಕು ಬಂದು ಮೇಲಿನ ತುಂಡು ಹತ್ತಿಕೊಂಡು ಬರುತ್ತದೆ. ಭೂಮಿ ಅಡ್ಡಕ್ಕೆ ಹಿಗ್ಗುತ್ತಿದ್ದರೆ ಆಗ ಅಮುಕುವುದು ಬಂಡೆಯ ಸ್ವಂತ ಭಾರ, ಅದು ಮೇಲಿನಿಂದ ಕೆಳಕ್ಕೆ. ಹಾಗಾಗಿ ಬಿರುಕು ಕಡಿದಾಗಿ, ಸುಮಾರು 60 ಡಿಗ್ರಿಯಲ್ಲಿ ಬರುತ್ತದೆ, ಮೇಲಿನ ತುಂಡು ಕೆಳಕ್ಕೆ ಜಾರುತ್ತದೆ. ಒಂದು ಅಡ್ಡ ದಿಕ್ಕಿನಲ್ಲಿ ಅಮುಕಿ ಇನ್ನೊಂದು ಅಡ್ಡ ದಿಕ್ಕಿನಲ್ಲಿ ಹಿಗ್ಗಲು ಬಿಟ್ಟರೆ ಬಿರುಕು ನೆಟ್ಟಗೆ ನಿಲ್ಲುತ್ತದೆ, ತುಂಡುಗಳು ಪಕ್ಕಕ್ಕೆ ಸರಿಯುತ್ತವೆ. ನಿಮ್ಮ ಫೋಟೋದಲ್ಲಿ ಬಿರುಕು ಎಷ್ಟು ಓರೆಯಾಗಿದೆ, ಅದರ ಮೇಲೆ ಕೂತಿರುವ ತುಂಡು ಮೇಲಕ್ಕೆ ಹೋಗಿದೆಯೋ ಕೆಳಕ್ಕೋ ನೋಡಿ. ತಳ್ಳಾಟವೋ ಎಳೆದಾಟವೋ ಅಲ್ಲೇ ಗೊತ್ತಾಗುತ್ತದೆ. ಆಮೇಲಿನ ಚಲನೆಯಲ್ಲಿ ಬಂಡೆ ಓರೆಯಾಗಿದ್ದರೆ ಕೋನದ ಲೆಕ್ಕ ಕೆಡುತ್ತದೆ, ಆದರೂ ಶುರು ಮಾಡಲು ಇದು ಸಾಕು.

ಎಳೆತಕ್ಕೆ ಪೂರ್ವ ಆಫ್ರಿಕಾದ ಸೀಳು ಕಣಿವೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಎರಡು ಬದಿಯ ಸ್ತರಭಂಗಗಳ ನಡುವೆ ನೆಲ ಕುಸಿದು ಕಣಿವೆಯಾಗಿದೆ, ಆ ಕುಸಿತದಲ್ಲೇ ನಿಂತ ಟಾಂಗನಿಕಾ ಸರೋವರ ಸುಮಾರು 1,470 ಮೀಟರ್ ಆಳ. ಒತ್ತಡಕ್ಕೆ ತೈವಾನಿನ 1999ರ ಸೆಪ್ಟೆಂಬರ್ 21ರ ಭೂಕಂಪ ನೋಡಿ, 7.6 ತೀವ್ರತೆಯದು. ಚೆಲುಂಗ್‌ಪು ಸ್ತರಭಂಗ ಒಂದು ಶಾಲೆಯ ಓಟದ ಟ್ರ್ಯಾಕನ್ನೇ ಅಡ್ಡಲಾಗಿ ಹಾದು ಹೋಯಿತು, ಒಂದು ಕಡೆಯ ನೆಲ ಎರಡು ಮೀಟರಿಗೂ ಜಾಸ್ತಿ ಮೇಲೆದ್ದಿತು. ಆ ಜಾಗವನ್ನು ಹಾಗೇ ಉಳಿಸಿ ಈಗ ಮ್ಯೂಸಿಯಂ ಮಾಡಿದ್ದಾರೆ. ನನಗೆ ಅದರ ಚಿತ್ರ ತರಗತಿಯಲ್ಲಿ ಹತ್ತು ರೇಖಾಚಿತ್ರಗಳಿಗಿಂತ ಉಪಯೋಗಕ್ಕೆ ಬಂದಿದೆ.

ಪಕ್ಕಕ್ಕೆ ಸರಿಯುವುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದಲ್ಲಿ ಕೆಲವು ಕಡೆ ನೇರವಾಗಿದ್ದ ಬೇಲಿ, ರಸ್ತೆಗಳು 6 ಮೀಟರಿನಷ್ಟು ಪಕ್ಕಕ್ಕೆ ಹೋದವು. ಹ್ಯಾರಿ ಫೀಲ್ಡಿಂಗ್ ರೀಡ್ ಭೂಕಂಪದ ಮೊದಲು ಮಾಡಿದ್ದ ಭೂಮಾಪನವನ್ನೂ ಆಮೇಲಿನದನ್ನೂ ಹೋಲಿಸಿ 1910ರಲ್ಲಿ ಒಂದು ವಿವರಣೆ ಕೊಟ್ಟರು, ಇವತ್ತಿಗೂ ಭೂಕಂಪದ ಪಾಠ ಅಲ್ಲಿಂದಲೇ ಶುರು. ಘರ್ಷಣೆಯಿಂದ ಸ್ತರಭಂಗ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಆದರೆ ದೂರದಲ್ಲಿ ಎರಡೂ ಬದಿಯ ನೆಲ ವರ್ಷ ವರ್ಷವೂ ಸರಿಯುತ್ತಲೇ ಇರುತ್ತದೆ. ಹಾಗಾಗಿ ಹತ್ತಿರದ ಬಂಡೆ ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ಘರ್ಷಣೆ ತಡೆಯಲಾರದ ದಿನ ಸ್ತರಭಂಗ ಒಮ್ಮೆಲೇ ಜಾರಿ, ಬಾಗಿದ್ದ ಬಂಡೆ ನೆಟ್ಟಗಾಗುತ್ತದೆ. ಆ ಬಿಡುಗಡೆಯೇ ಭೂಕಂಪ. ಇದನ್ನು ಗಮನಿಸಿ: ಮುರಿಯುವ ಬಂಡೆ ಕೂಡ ಮೊದಲು ಬಾಗುತ್ತದೆ. ಅದು ಹಿಂದಕ್ಕೆ ಬರುವ ಬಾಗು. ಮಡಿಕೆ ಅಂದರೆ ಹಿಂದಕ್ಕೆ ಬಾರದ ಬಾಗು. ಕಲ್ಲಿಗೆ ಇರುವ ದಾರಿಗಳು ಈ ಮೂರು, ಒಂದೇ ಬಂಡೆ ತನ್ನ ಆಯುಷ್ಯದಲ್ಲಿ ಮೂರನ್ನೂ ಕಾಣಬಹುದು.

ನೆಲದಾಳ:

ಮೇಷ್ಟ್ರು ಹೇಳಿದ ಕೊನೆಯ ಮಾತಿಗೆ ಒಂದು ಸೇರಿಸುತ್ತೇನೆ. ಸ್ಯಾನ್ ಆಂಡ್ರಿಯಾಸ್ ಉದ್ದಕ್ಕೂ ಕಚ್ಚಿಕೊಂಡಿಲ್ಲ. ಅದರ ನಡುವಿನ ಒಂದು ಭಾಗ ದೊಡ್ಡ ಭೂಕಂಪ ಇಲ್ಲದೆ ಸುಮ್ನೆ ನಿಧಾನವಾಗಿ ತೆವಳುತ್ತಲೇ ಇರುತ್ತದೆ. ಅದರ ಕವಲಾದ ಕಲಾವೆರಾಸ್ ಸ್ತರಭಂಗವೂ ಹಾಗೇ ತೆವಳುತ್ತದೆ, ಅದು ಹಾದು ಹೋಗುವ ಹಾಲಿಸ್ಟರ್ ಪಟ್ಟಣದಲ್ಲಿ ರಸ್ತೆ ಅಂಚಿನ ಕಲ್ಲುಗಳು, ಮನೆ ಗೋಡೆಗಳು ವರ್ಷಗಳ ಮೇಲೆ ಸೊಟ್ಟಗಾಗಿವೆ. ಸ್ತರಭಂಗ ಅಂದರೆ ಯಾವಾಗಲೂ ಧಡ್ ಅಂತ ಜಾರುವುದು ಅಂತಲೂ ಅಲ್ಲ.

ಹೊಸ ಓದುಗ:

ಹಿಂದಕ್ಕೆ ಬರುವ ಬಾಗು, ಬಾರದ ಬಾಗು, ಮುರಿತ. ಈಗ ಎಷ್ಟೋ ಸ್ಪಷ್ಟವಾಯಿತು. ಇನ್ನೆರಡು ಕೇಳಲೇ? ನನ್ನ ಫೋಟೋದಲ್ಲಿ ಮಡಿಕೆ ಮೊದಲೋ ಮುರಿತ ಮೊದಲೋ ಅಂತ ಹೇಗೆ ಹೇಳುವುದು? ಆಮೇಲೆ, ಮೇಲಕ್ಕೆ ಬಾಗಿದ ಕಡೆ ಬೆಟ್ಟ, ಕೆಳಕ್ಕೆ ಬಾಗಿದ ಕಡೆ ಕಣಿವೆ ಅಂತ ತಿಳಿಯಬಹುದಾ?

ಶಿಲಾಸ್ನೇಹಿ:

ಬೆಟ್ಟ, ಕಣಿವೆಯ ಪ್ರಶ್ನೆಗೆ ಉತ್ತರ: ತಿಳಿಯಬಾರದು. ವೇಲ್ಸಿನ ಅತಿ ಎತ್ತರದ ಶಿಖರ ಸ್ನೋಡನ್ ಇದೆಯಲ್ಲ, ಅದರ ನೆತ್ತಿಯ ಬಂಡೆಗಳು ಕೆಳಕ್ಕೆ ಬಾಗಿದ ಮಡಿಕೆಯವು. ಮೇಲ್ಮಡಿಕೆಯ ನೆತ್ತಿಯಲ್ಲಿ ಪದರದ ಹೊರಮೈ ಎಳೆದುಕೊಂಡು ಬಿರುಕು ಬಿಡುತ್ತದೆ, ಮಳೆ ನೀರು, ಹಿಮ ಅಲ್ಲೇ ಮೊದಲು ಬಾಯಿ ಹಾಕುತ್ತವೆ. ಕೆಳಮಡಿಕೆಯ ನಡುಭಾಗ ಒತ್ತಿಕೊಂಡು ಬಿಗಿಯಾಗಿರುತ್ತದೆ. ಕೋಟ್ಯಂತರ ವರ್ಷ ಸವೆದ ಮೇಲೆ ಎತ್ತರ ಇದ್ದದ್ದು ಕಣಿವೆಯಾಗಿ, ತಗ್ಗಾಗಿದ್ದದ್ದು ಶಿಖರವಾಗಿ ನಿಂತಿರುತ್ತದೆ. ಜಾಗದ ಏರು ತಗ್ಗು ನೋಡಿ ಮಡಿಕೆ ಹೇಳಬೇಡಿ, ಪದರಗಳ ವಯಸ್ಸು ನೋಡಿ ಹೇಳಿ. ಸವೆದು ಚಪ್ಪಟೆಯಾದ ನೆಲದಲ್ಲಿ ನಡುವೆ ಹಳೇ ಪದರ, ಎರಡೂ ಪಕ್ಕಕ್ಕೆ ಹೊಸ ಪದರಗಳು ಸಿಕ್ಕಿದರೆ ಅದು ಮೇಲ್ಮಡಿಕೆ. ನಡುವೆ ಹೊಸದು ಇದ್ದರೆ ಕೆಳಮಡಿಕೆ. ಪದರಗಳು ತಲೆಕೆಳಗಾಗಿ ಬಿದ್ದಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು ಅಷ್ಟೇ. ಅಲೆಗಳು ಬಿಟ್ಟ ಗುರುತಿನ ಚೂಪು ತುದಿ ಯಾವ ಕಡೆಗಿದೆ, ಕೆಸರು ಒಣಗಿ ಬಿಟ್ಟ ಬಿರುಕು ಯಾವ ಕಡೆಗೆ ಕಿರಿದಾಗುತ್ತದೆ, ಇಂಥವು ಅದಕ್ಕೆ ಸಹಾಯ ಮಾಡುತ್ತವೆ.

ಯಾವುದು ಮೊದಲು ಅನ್ನುವುದಕ್ಕೆ ನಿಯಮ ಸರಳ, ಕತ್ತರಿಸಿದ್ದು ಹೊಸದು, ಕತ್ತರಿಸಿಕೊಂಡದ್ದು ಹಳೆಯದು. ನೇರವಾದ ಬಿರುಕು ಮಡಿಕೆಯ ಎರಡೂ ಬದಿಯನ್ನು ಕತ್ತರಿಸಿ ಹೋಗಿದ್ದರೆ ಮಡಿಕೆ ಮೊದಲು. ಬಿರುಕಿನ ಗೆರೆಯೇ ಪದರಗಳ ಜೊತೆ ಬಾಗಿದ್ದರೆ ಬಿರುಕು ಮೊದಲು. ಬಿರುಕಿನೊಳಗೆ ಏನಿದೆ ಅನ್ನುವುದೂ ಮುಖ್ಯ. ಚೂರುಚೂರಾದ ಕಲ್ಲು, ಹಿಟ್ಟಾದ ಜೇಡಿ ಇದ್ದರೆ ಅದು ತಣ್ಣಗಿದ್ದಾಗ, ಕಡಿಮೆ ಆಳದಲ್ಲಿ ಆದ ಮುರಿತ. ಆಳದ ಸ್ತರಭಂಗದಲ್ಲಿ ಚೂರು ಇರುವುದಿಲ್ಲ, ಖನಿಜಗಳು ಎಳೆದುಕೊಂಡು ತೆಳ್ಳನೆ ಪಟ್ಟೆ ಪಟ್ಟೆಯಾಗಿ ಮೈಲೊನೈಟ್ ಅನ್ನುವ ಕಲ್ಲಾಗಿರುತ್ತದೆ. ಎಷ್ಟೋ ಕಡೆ ನಡೆದಿರುವುದು ಇಷ್ಟು: ಬಂಡೆ ಆಳದಲ್ಲಿದ್ದಾಗ ಬಾಗಿತು, ಮೇಲಿನದು ಸವೆದು ಅದು ಮೇಲಕ್ಕೆ ಬಂತು, ತಣ್ಣಗಾಯಿತು, ಆಮೇಲೆ ಬಂದ ಬಲಕ್ಕೆ ಮುರಿಯಿತು. ನಿಮ್ಮ ಫೋಟೋದಲ್ಲಿ ಬಾಗಿದ ಕಾಲಕ್ಕೂ ಮುರಿದ ಕಾಲಕ್ಕೂ ನಡುವೆ ಲಕ್ಷಾಂತರ ವರ್ಷ ಇರಬಹುದು.

ಇದು ಯಾವಾಗಲೂ ಸುಲಭ ಅಂತ ತಿಳಿಯಬೇಡಿ. ಸ್ವಿಟ್ಜರ್ಲೆಂಡಿನ ಗ್ಲಾರಸ್ ಹತ್ತಿರ ಬೆಟ್ಟದ ಮೈಯಲ್ಲಿ ಒಂದು ಗೆರೆ ಬರಿಗಣ್ಣಿಗೇ ಕಾಣುತ್ತದೆ. ಅದರ ಮೇಲೆ 25ರಿಂದ 30 ಕೋಟಿ ವರ್ಷದ ಹಳೇ ಬಂಡೆ, ಕೆಳಗೆ 3.5ರಿಂದ 5 ಕೋಟಿ ವರ್ಷದ ಹೊಸ ಬಂಡೆ. ಹಳೆಯದು ಹೊಸದರ ಮೇಲೆ ಹೇಗೆ ಬಂತು? ಅಲ್ಲಿನ ಭೂವಿಜ್ಞಾನಿ ಅರ್ನಾಲ್ಡ್ ಎಷರ್ ಇದು ಎದುರುಬದುರಾಗಿ ಮಗುಚಿದ ಎರಡು ದೊಡ್ಡ ಮಡಿಕೆಗಳ ಕೆಲಸ ಅಂದರು, ಅವರ ಶಿಷ್ಯ ಆಲ್ಬರ್ಟ್ ಹೈಮ್ ಕೂಡ ಅದನ್ನೇ ಹಿಡಿದುಕೊಂಡಿದ್ದರು. 1884ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬರ್ಟ್ರಾಂಡ್, ಮಡಿಕೆ ಅಲ್ಲ, ಒಂದೇ ದೊಡ್ಡ ಸ್ತರಭಂಗದ ಮೇಲೆ ಬಂಡೆಯ ಹಾಸು ಹತ್ತಾರು ಕಿಲೋಮೀಟರ್ ಜಾರಿ ಬಂದಿದೆ ಅಂದರು. ಆಮೇಲೆ ಹೈಮ್ ಕೂಡ ಒಪ್ಪಿಕೊಂಡರು. ಆ ಜಾಗ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಸ್ತರಭಂಗವೇ ಈಗ ನಡುವೆ ಉಬ್ಬಿ ಬಾಗಿಕೊಂಡಿದೆ.

ಜಾರುಪದರ:

ಭೂಕಂಪದ ಪ್ರಶ್ನೆಗೆ ಇನ್ನೂ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ, ನಾನು ಪ್ರಯತ್ನಿಸುತ್ತೇನೆ, ಯಾಕೆಂದರೆ ಇದರಲ್ಲಿ ಜನರ ಜೀವದ ಪ್ರಶ್ನೆ ಇದೆ. ಒತ್ತಡದ ಸ್ತರಭಂಗ ಆಳದಲ್ಲಿ ಹುಟ್ಟಿ ಮೇಲಕ್ಕೆ ಬೆಳೆಯುತ್ತದೆ. ಎಷ್ಟೋ ಸಲ ಮೇಲ್ಮೈ ತಲುಪುವ ಮೊದಲೇ ನಿಂತುಬಿಡುತ್ತದೆ. ಕೆಳಗೆ ತುಂಡು ಮೀಟರುಗಟ್ಟಲೆ ಜಾರಿದೆ, ಮೇಲಿನ ಪದರಗಳು ಮುರಿದಿಲ್ಲ, ಆ ಜಾರಿದ ಅಳತೆ ಎಲ್ಲಾದರೂ ಹೋಗಲೇಬೇಕಲ್ಲ? ಮೇಲಿನ ಪದರಗಳು ಮಡಿಕೆ ಬಿದ್ದು ಅದನ್ನು ಹೀರಿಕೊಳ್ಳುತ್ತವೆ. ಕೆಳಗೆ ಸ್ತರಭಂಗ, ಮೇಲೆ ಮಡಿಕೆ, ಎರಡೂ ಒಂದೇ ಚಲನೆಯ ಎರಡು ತುದಿಗಳು. ನಕಾಶೆಯಲ್ಲಿ ಯಾವ ಬಿರುಕೂ ಕಾಣದ ಜಾಗದಲ್ಲೂ ದೊಡ್ಡ ಭೂಕಂಪ ಆಗುವುದು ಹೀಗೆ. 1994ರ ಜನವರಿ 17ರಂದು ಲಾಸ್ ಏಂಜಲೀಸ್ ಹತ್ತಿರ ಆದ 6.7 ತೀವ್ರತೆಯ ನಾರ್ತ್‌ರಿಜ್ ಭೂಕಂಪ ಇಂಥ ಮೇಲ್ಮೈ ತಲುಪದ ಸ್ತರಭಂಗದ್ದು. 2001ರ ಜನವರಿ 26ರ ಭುಜ್ ಭೂಕಂಪವೂ ಅಷ್ಟೇ, 7.7 ತೀವ್ರತೆ ಇದ್ದರೂ ಮುಖ್ಯ ಸ್ತರಭಂಗ ನೆಲ ಸೀಳಿ ಮೇಲೆ ಬರಲಿಲ್ಲ.

ಮಡಿಕೆ ಭೂಕಂಪದ ಜೊತೆಗೇ ಬೆಳೆಯುವುದನ್ನು ಜನ ಕಣ್ಣಾರೆ ಕಂಡದ್ದೂ ಇದೆ. 1980ರ ಅಕ್ಟೋಬರ್ 10ರಂದು ಅಲ್ಜೀರಿಯಾದ ಎಲ್ ಅಸ್ನಾಮ್‌ನಲ್ಲಿ ಭೂಕಂಪವಾದಾಗ ಅಲ್ಲಿನ ಒಂದು ಮೇಲ್ಮಡಿಕೆ ಮೀಟರುಗಳ ಲೆಕ್ಕದಲ್ಲಿ ಮೇಲೆದ್ದಿತು. ಅದನ್ನು ದಾಟಿ ಹೋಗುತ್ತಿದ್ದ ಶೆಲಿಫ್ ನದಿಗೆ ಅಡ್ಡಗಟ್ಟೆ ಹಾಕಿದಂತಾಗಿ ಹಿಂದಿನ ಬಯಲಿನಲ್ಲಿ ನೀರು ತುಂಬಿತು. ಅದೇ ಬಯಲಿನಲ್ಲಿ ಹಿಂದಿನ ಇಂಥ ನೆರೆಗಳು ಬಿಟ್ಟ ಹೂಳಿನ ಪದರಗಳನ್ನು ಅಗೆದು ನೋಡಿ, ಹಳೇ ಭೂಕಂಪಗಳ ಚರಿತ್ರೆಯನ್ನೇ ಆಮೇಲೆ ಓದಿದರು.

ಹೊಸ ಓದುಗ:

ನದಿ ನಿಂತುಹೋದದ್ದು ಓದಿ ಮೈ ಜುಮ್ ಎಂದಿತು. ಕೊನೆಯದಾಗಿ, ಹಿಮಾಲಯದಲ್ಲಿ ಈಗಲೂ ಮಡಿಕೆ, ಸ್ತರಭಂಗ ಎರಡೂ ನಡೆಯುತ್ತಿವೆಯಾ? ಅಳೆದಿದ್ದಾರಾ?

ಭೂಗೋಳ ಮೇಷ್ಟ್ರು:

ನಡೆಯುತ್ತಿವೆ, ಅಳೆದಿದ್ದಾರೆ. ಜಿಪಿಎಸ್ ಅಳತೆಯ ಪ್ರಕಾರ ಹಿಮಾಲಯದ ಅಡ್ಡಕ್ಕೆ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಕುಗ್ಗುತ್ತಿದೆ. ಕೆಳಗಿನ ದೊಡ್ಡ ಸ್ತರಭಂಗ ಉತ್ತರದ ಆಳದಲ್ಲಿ, ಬಿಸಿಯಲ್ಲಿ, ನಿಧಾನವಾಗಿ ಸರಿಯುತ್ತಲೇ ಇದೆ. ದಕ್ಷಿಣದ ತಣ್ಣನೆ ಭಾಗ ಮಾತ್ರ ಕಚ್ಚಿಕೊಂಡಿದೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆ ಕಚ್ಚಿಕೊಂಡ ಭಾಗದ ಕೆಳ ಅಂಚು ಬಿಟ್ಟುಕೊಂಡಿತು, 7.8 ತೀವ್ರತೆ. ಕಠ್ಮಂಡು ಕಣಿವೆ ಸುಮಾರು 1 ಮೀಟರ್ ಮೇಲೆದ್ದಿತು, ಉತ್ತರದ ಎತ್ತರದ ಶಿಖರಗಳ ಕಡೆಯ ನೆಲ ಸ್ವಲ್ಪ ಕೆಳಗಿಳಿಯಿತು. ಆದರೆ ಜಾರಾಟ ದಕ್ಷಿಣದ ತಪ್ಪಲಿನವರೆಗೆ ಬರಲಿಲ್ಲ. ಅಲ್ಲಿ ಅದೇ ಸ್ತರಭಂಗ ಮೇಲಕ್ಕೆ ಬರುವ ಜಾಗದಲ್ಲಿ ಶಿವಾಲಿಕ್ ಬೆಟ್ಟಗಳ ಎಳೇ ಪದರಗಳು ಮಡಿಕೆ ಬೀಳುತ್ತಾ ಮೇಲೇಳುತ್ತಿವೆ. 1934ರ ಜನವರಿ 15ರ ನೇಪಾಳ–ಬಿಹಾರ ಭೂಕಂಪ ಪೂರ್ವದ ಭಾಗದಲ್ಲಿ ತಪ್ಪಲಿನವರೆಗೂ ನೆಲ ಸೀಳಿತ್ತು. 2015ರಲ್ಲಿ ಕಠ್ಮಂಡುವಿನ ದಕ್ಷಿಣದಲ್ಲಿ ಹಾಗೆ ಆಗಲಿಲ್ಲ. ಅಲ್ಲಿ ಕೂಡಿಟ್ಟ ಬಾಗು ಇನ್ನೂ ಬಿಡುಗಡೆಯಾಗಿಲ್ಲ, ಹಾಗಾಗಿ ಆ ತಪ್ಪಲಿನಲ್ಲಿ ಕಟ್ಟುವ ಪ್ರತಿ ಶಾಲೆ, ಪ್ರತಿ ಮನೆ ಇದನ್ನು ಲೆಕ್ಕಕ್ಕೆ ತಗೊಂಡೇ ಕಟ್ಟಬೇಕು.